ಸಿಲಿಂಡರ್ ಹೆಡ್ ಕಳಚುವಿಕೆ ಮತ್ತು ಎಂಜಿನ್ನಿನ ಒಳದೋಷಗಳ ಪತ್ತೆ

ಸಿಲಿಂಡರ್ ಹೆಡ್ ಎಂಬುದು ಅಂತರ್ದಹನ ಎಂಜಿನ್ನಿನ ಬ್ಲಾಕಿನ ಮೇಲೆ ಕೂತು ಸಿಲಿಂಡರುಗಳ ಮೇಲ್ತುದಿಯನ್ನು ಮುಚ್ಚುವ ಎರಕದ ಭಾಗ. ದಹನಕೋಣೆಯ ಛಾವಣಿ, ಮಿಶ್ರಣ ಒಳಬರುವ ಮತ್ತು ಹೊಗೆ ಹೊರಹೋಗುವ ಮಾರ್ಗಗಳು, ವಾಲ್ವುಗಳು, ಸ್ಪಾರ್ಕ್ ಪ್ಲಗ್ಗುಗಳು, ತಂಪುನೀರು ಹಾಗೂ ಎಣ್ಣೆ ಹರಿಯುವ ಕಾಲುವೆಗಳು ಇದರಲ್ಲಿ ಅಡಕವಾಗಿರುತ್ತವೆ. ಎಂಜಿನ್ ಬಿಸಿಯೇರುವುದು, ನೀರು ಅಥವಾ ಎಣ್ಣೆಯನ್ನು ಕುಡಿಯುವುದು, ಬಲ ಕಳೆದುಕೊಳ್ಳುವುದು ಮೊದಲಾದ ತೊಂದರೆಗಳಿಗೆ ಕಾರಣವನ್ನು ಹೊರಗಿನಿಂದ ತಿಳಿಯಲಾಗದಿದ್ದಾಗ ಹೆಡ್ಡನ್ನು ಕಳಚಿ ದಹನಕೋಣೆ, ಪಿಸ್ಟನ್, ಸಿಲಿಂಡರ್ ಗೋಡೆ ಮತ್ತು ವಾಲ್ವುಗಳನ್ನು ಪರೀಕ್ಷಿಸಲಾಗುತ್ತದೆ. ಕರ್ನಾಟಕದ ಗ್ಯಾರೇಜುಗಳಲ್ಲಿ ಕೇಳಿಬರುವ ‘ಹೆಡ್ ಗ್ಯಾಸ್ಕೆಟ್ ಹೋಗಿದೆ’, ‘ಎಂಜಿನ್ ಬೋರಿಗೆ ಬಂದಿದೆ’ ಎಂಬ ಎರಡು ಮಾತುಗಳ ನಡುವೆ ಖರ್ಚಿನಲ್ಲಿ ಬಹಳ ಅಂತರವಿದೆ. ಮೊದಲನೆಯದು ಎಂಜಿನ್ ಕಾರಿನಲ್ಲೇ ಇರುವಂತೆ ಮುಗಿಯುವ ದುರಸ್ತಿ. ಎರಡನೆಯದಕ್ಕೆ ಎಂಜಿನ್ನನ್ನು ಪೂರ್ತಿ ಕೆಳಗಿಳಿಸಿ ಬಿಡಿಬಿಡಿಯಾಗಿ ಮಾಡಬೇಕು. ಯಾವುದು ಅಗತ್ಯ ಎಂಬುದು ತೀರ್ಮಾನವಾಗುವುದು ಬಹುಪಾಲು ಹೆಡ್ ಮೇಲೆದ್ದ ಹೊತ್ತಿನಲ್ಲೇ.

ಹಿನ್ನೆಲೆ

ಆರಂಭದ ಹಲವು ಎಂಜಿನ್ನುಗಳಲ್ಲಿ ಹೆಡ್ ಮತ್ತು ಬ್ಲಾಕ್ ಒಂದೇ ಎರಕವಾಗಿದ್ದವು. ಸೋರಲು ಸಂದು ಇರಲಿಲ್ಲ ಎಂಬುದು ಅದರ ಗುಣ. ವಾಲ್ವನ್ನು ಸರಿಪಡಿಸಬೇಕಾದರೂ ಎಂಜಿನ್ನನ್ನೇ ಬಿಚ್ಚಬೇಕಿತ್ತೆಂಬುದು ಅದರ ದೋಷ. 1908ರಲ್ಲಿ ಬಂದ ಫೋರ್ಡ್ ಮಾಡೆಲ್ ಟಿ ಕಾರು ಕಳಚಬಹುದಾದ ಹೆಡ್ಡನ್ನು ದೊಡ್ಡ ಪ್ರಮಾಣದ ಉತ್ಪಾದನೆಗೆ ತಂದಿತು. ಇಂದಿನ ಕಾರುಗಳೆಲ್ಲ ಬಹುಮಟ್ಟಿಗೆ ಈ ಬಗೆಯವೇ.

ಭಾರತದ ರಸ್ತೆಗಳಲ್ಲಿ ಈ ರಚನೆಯ ಎರಡು ತಲೆಮಾರುಗಳನ್ನು ಎರಡು ಕಾರುಗಳು ಪ್ರತಿನಿಧಿಸುತ್ತವೆ. ಹಿಂದೂಸ್ತಾನ್ ಅಂಬಾಸಿಡರ್ ಕಾರಿನಲ್ಲಿ ಬಹುಕಾಲ ಬಳಕೆಯಲ್ಲಿದ್ದ 1489 ಸಿ.ಸಿ. ಎಂಜಿನ್ ಬ್ರಿಟನ್ನಿನ ಬಿ.ಎಂ.ಸಿ. ಬಿ-ಸರಣಿಗೆ ಸೇರಿದ್ದು. ಅದರ ಹೆಡ್ ಎರಕಕಬ್ಬಿಣದ್ದು; ಕ್ಯಾಮ್‌ಶಾಫ್ಟ್ ಬ್ಲಾಕಿನಲ್ಲಿದ್ದು, ಪುಶ್‌ರಾಡ್ ಮತ್ತು ರಾಕರುಗಳ ಮೂಲಕ ವಾಲ್ವುಗಳನ್ನು ತೆರೆಯುತ್ತದೆ. 1983ರಲ್ಲಿ ಬಂದ ಮಾರುತಿ 800 ಕಾರಿನ 796 ಸಿ.ಸಿ., ಮೂರು ಸಿಲಿಂಡರಿನ ಎಂಜಿನ್ನಿನಲ್ಲಿ ಹೆಡ್ ಅಲ್ಯೂಮಿನಿಯಂನದು. ಕ್ಯಾಮ್‌ಶಾಫ್ಟ್ ಹೆಡ್ಡಿನಲ್ಲೇ ಇದ್ದು ಹಲ್ಲುಪಟ್ಟಿಯಿಂದ ತಿರುಗುತ್ತದೆ. ಹೆಡ್ ಕಳಚುವ ಕೆಲಸದಲ್ಲಿ ಈ ಎರಡು ರಚನೆಗಳು ಬೇರೆ ಬೇರೆ ಎಚ್ಚರಿಕೆಗಳನ್ನು ಬೇಡುತ್ತವೆ.

ದೋಷಗಳ ಮೂಲ

ಹೆಡ್ ಮತ್ತು ಬ್ಲಾಕಿನ ನಡುವೆ ಇರುವ ಗ್ಯಾಸ್ಕೆಟ್ ಏಕಕಾಲಕ್ಕೆ ಮೂರು ವಸ್ತುಗಳನ್ನು ಬೇರ್ಪಡಿಸಿ ಇಡುತ್ತದೆ: ಉರಿಯುವ ಅನಿಲ, ತಂಪುನೀರು ಮತ್ತು ಎಣ್ಣೆ. ಪೂರ್ಣ ಭಾರದಲ್ಲಿ ಓಡುವ ಪೆಟ್ರೋಲ್ ಎಂಜಿನ್ನಿನ ದಹನಕೋಣೆಯಲ್ಲಿ ಒತ್ತಡ ಕ್ಷಣಮಾತ್ರ 50 ಬಾರ್‌ ದಾಟಬಲ್ಲದು. ಅನಿಲದ ಉಷ್ಣತೆ 2000 ಡಿಗ್ರಿ ಸೆಲ್ಸಿಯಸ್ ಮೀರುತ್ತದೆ. ಅದರಿಂದ ಕೆಲವೇ ಮಿಲಿಮೀಟರ್ ದೂರದಲ್ಲಿ ನೀರು ಹರಿಯುತ್ತಿರುತ್ತದೆ.

ಅಲ್ಯೂಮಿನಿಯಂ ಎರಕಕಬ್ಬಿಣಕ್ಕಿಂತ ಸುಮಾರು ಎರಡು ಪಟ್ಟು ಹಿಗ್ಗುವ ಲೋಹ. 400 ಮಿ.ಮೀ. ಉದ್ದದ ಹೆಡ್ ತಣ್ಣಗಿನ ಸ್ಥಿತಿಯಿಂದ 80 ಡಿಗ್ರಿ ಬಿಸಿಯಾದಾಗ, ಅಲ್ಯೂಮಿನಿಯಂ ಆಗಿದ್ದರೆ ಸುಮಾರು 0.7 ಮಿ.ಮೀ., ಕಬ್ಬಿಣವಾಗಿದ್ದರೆ ಸುಮಾರು 0.35 ಮಿ.ಮೀ. ಉದ್ದವಾಗುತ್ತದೆ. ಆದುದರಿಂದ ಕಬ್ಬಿಣದ ಬ್ಲಾಕಿನ ಮೇಲೆ ಅಲ್ಯೂಮಿನಿಯಂ ಹೆಡ್ ಇರುವ ಎಂಜಿನ್ನಿನಲ್ಲಿ ಪ್ರತಿ ಸಲ ಬಿಸಿಯಾಗಿ ಆರುವಾಗಲೂ ಎರಡು ಮುಖಗಳು ಗ್ಯಾಸ್ಕೆಟ್ಟಿನ ಮೇಲೆ ಒಂದಿಷ್ಟು ಜರುಗುತ್ತವೆ. ನಿತ್ಯದ ಈ ಜರುಗಾಟವನ್ನು ಗ್ಯಾಸ್ಕೆಟ್ ತಾಳುತ್ತದೆ. ತಂಪುನೀರು ಖಾಲಿಯಾಗಿ ಎಂಜಿನ್ ಒಮ್ಮೆ ವಿಪರೀತ ಬಿಸಿಯಾದರೆ ಮಾತ್ರ, ಬೋಲ್ಟುಗಳ ಬಿಗಿತದಿಂದ ಸರಾಗವಾಗಿ ಹಿಗ್ಗಲಾರದ ಹೆಡ್ ನಡುವಿನಲ್ಲಿ ಬಾಗುತ್ತದೆ ಮತ್ತು ಆರಿದ ಮೇಲೆ ಮೊದಲಿನ ಆಕಾರಕ್ಕೆ ಮರಳುವುದಿಲ್ಲ.

ಹೀಗಾಗಿ ಗ್ಯಾಸ್ಕೆಟ್ ಸೋಲುವುದು ಹೆಚ್ಚಿನ ಸಂದರ್ಭಗಳಲ್ಲಿ ರೋಗವಲ್ಲ, ಲಕ್ಷಣ. ಮೂಲ ಕಾರಣ ಸೋರುವ ರೇಡಿಯೇಟರ್ ಕೊಳವೆ, ಕೆಟ್ಟ ಥರ್ಮೋಸ್ಟಾಟ್, ತಿರುಗದ ಫ್ಯಾನ್, ತೆಕ್ಕೆ ಸಡಿಲಾದ ವಾಟರ್ ಪಂಪ್ ಅಥವಾ ಸುಣ್ಣ ಕಟ್ಟಿದ ನೀರಿನ ಮಾರ್ಗ ಆಗಿರುತ್ತದೆ. ತಯಾರಕರು ಸೂಚಿಸಿದ ಕೂಲೆಂಟ್ ಬದಲು ಕೊಳವೆಬಾವಿಯ ಗಡಸು ನೀರನ್ನೇ ವರ್ಷಗಟ್ಟಲೆ ತುಂಬಿದ ಎಂಜಿನ್ನುಗಳಲ್ಲಿ ಈ ಕೊನೆಯ ದೋಷ ಕಂಡುಬರುತ್ತದೆ. ರೇಡಿಯೇಟರ್ ಮುಚ್ಚಳವೂ ಅಲಕ್ಷ್ಯಕ್ಕೆ ಗುರಿಯಾಗುವ ಭಾಗ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ತೆರೆದ ಪಾತ್ರೆಯ ನೀರು 97 ಡಿಗ್ರಿಯ ಸುಮಾರಿಗೆ ಕುದಿಯುತ್ತದೆ. ಸುಮಾರು ಒಂದು ಬಾರ್ ಒತ್ತಡ ತಡೆಯುವ ಮುಚ್ಚಳ ಅದನ್ನು 120 ಡಿಗ್ರಿಯ ಹತ್ತಿರಕ್ಕೆ ಏರಿಸುತ್ತದೆ. ಮುಚ್ಚಳದ ಸ್ಪ್ರಿಂಗ್ ಸೋತರೆ ಈ ಅಂತರವೆಲ್ಲ ಇಲ್ಲವಾಗುತ್ತದೆ. ಮೂಲ ಕಾರಣವನ್ನು ಬಿಟ್ಟು ಗ್ಯಾಸ್ಕೆಟ್ ಮಾತ್ರ ಬದಲಿಸಿದರೆ ಅದೇ ಎಂಜಿನ್ ಅದೇ ದೂರಿನೊಂದಿಗೆ ಮರಳಿ ಬರುವುದು ಖಚಿತ.

ಬಿಚ್ಚುವ ಮೊದಲಿನ ಪರೀಕ್ಷೆಗಳು

ಹೆಡ್ ಕಳಚಿದ ಮೇಲೆ ಕೆಲವು ಸಾಕ್ಷ್ಯಗಳು ಶಾಶ್ವತವಾಗಿ ಅಳಿಸಿಹೋಗುತ್ತವೆ. ಎಂಜಿನ್ ಮುಚ್ಚಿರುವಾಗಷ್ಟೇ ಒತ್ತಡವನ್ನು ಅಳೆಯಲು ಸಾಧ್ಯ. ಆದಕಾರಣ ಪಾನಾ ಹಿಡಿಯುವ ಮೊದಲೇ ಕೆಲವು ಪರೀಕ್ಷೆಗಳನ್ನು ಮಾಡಿ ಅಂಕಿಗಳನ್ನು ಬರೆದಿಡುವುದು ಕ್ರಮ.

ಮೊದಲನೆಯದು ಕಂಪ್ರೆಷನ್ ಪರೀಕ್ಷೆ. ಎಂಜಿನ್ನನ್ನು ಬಿಸಿ ಮಾಡಿ, ಎಲ್ಲ ಪ್ಲಗ್ಗುಗಳನ್ನು ತೆಗೆದು, ಇಂಧನ ಮತ್ತು ಕಿಡಿಯನ್ನು ನಿಲ್ಲಿಸಿ, ಆಕ್ಸಿಲರೇಟರ್ ಪೂರ್ತಿ ಒತ್ತಿ ಸ್ಟಾರ್ಟರಿನಿಂದ ತಿರುಗಿಸಲಾಗುತ್ತದೆ. ಆರೋಗ್ಯವಂತ ಪೆಟ್ರೋಲ್ ಎಂಜಿನ್ನಿನಲ್ಲಿ ಗೇಜ್ ಸಾಮಾನ್ಯವಾಗಿ 10ರಿಂದ 13 ಬಾರ್ ತೋರಿಸುತ್ತದೆ. ಒಂಟಿ ಅಂಕಿಗಿಂತ ಸಿಲಿಂಡರುಗಳ ನಡುವಿನ ವ್ಯತ್ಯಾಸಕ್ಕೆ ಹೆಚ್ಚಿನ ಅರ್ಥವಿದೆ. ಅತಿ ಕಡಿಮೆಯದು ಅತಿ ಹೆಚ್ಚಿನದರ ಶೇ. 75ಕ್ಕಿಂತ ಕೆಳಗಿದ್ದರೆ ದೋಷವಿದೆಯೆಂದು ಭಾವಿಸಲಾಗುತ್ತದೆ. ಉದಾಹರಣೆಗೆ ಮೂರು ಸಿಲಿಂಡರಿನ ಎಂಜಿನ್ನೊಂದು 12, 11.5 ಮತ್ತು 7 ಬಾರ್ ತೋರಿಸಿತೆನ್ನೋಣ. ಮೂರನೆಯ ಸಿಲಿಂಡರಿಗೆ ಪ್ಲಗ್ ರಂಧ್ರದ ಮೂಲಕ ಒಂದು ಚಮಚ ಎಂಜಿನ್ ಎಣ್ಣೆ ಹಾಕಿ ಮತ್ತೆ ಅಳೆದಾಗ ಅಂಕಿ 10ಕ್ಕೆ ಏರಿದರೆ, ಎಣ್ಣೆ ತಾತ್ಕಾಲಿಕವಾಗಿ ಮುಚ್ಚಿದ್ದು ಪಿಸ್ಟನ್ ರಿಂಗುಗಳ ಸಂದನ್ನು. ಏರದೆ 7ರಲ್ಲೇ ನಿಂತರೆ ಸೋರಿಕೆ ವಾಲ್ವಿನಲ್ಲೋ ಗ್ಯಾಸ್ಕೆಟ್ಟಿನಲ್ಲೋ ಇದೆ. ಅಕ್ಕಪಕ್ಕದ ಎರಡು ಸಿಲಿಂಡರುಗಳು ಒಂದೇ ಪ್ರಮಾಣದಲ್ಲಿ ಕುಸಿದಿದ್ದರೆ ಅವುಗಳ ನಡುವಿನ ಗ್ಯಾಸ್ಕೆಟ್ ಪಟ್ಟಿ ಸುಟ್ಟಿರುವ ಸಂಭವ ಹೆಚ್ಚು.

ಸೋರಿಕೆ ಪರೀಕ್ಷೆ ಇದಕ್ಕಿಂತ ಸ್ಪಷ್ಟವಾಗಿ ಜಾಗವನ್ನು ಹೇಳುತ್ತದೆ. ಪಿಸ್ಟನ್ನನ್ನು ಕಂಪ್ರೆಷನ್ ಹೊಡೆತದ ಮೇಲ್ತುದಿಗೆ ತಂದು, ಪ್ಲಗ್ ರಂಧ್ರದಿಂದ ಒತ್ತಡದ ಗಾಳಿಯನ್ನು ಬಿಟ್ಟು, ‘ಸುಸ್’ ಎಂಬ ಸದ್ದು ಎಲ್ಲಿಂದ ಬರುತ್ತದೆಂದು ಆಲಿಸಲಾಗುತ್ತದೆ. ಎಣ್ಣೆ ತುಂಬುವ ಬಾಯಿಯಲ್ಲಿ ಕೇಳಿದರೆ ರಿಂಗ್ ಅಥವಾ ಪಿಸ್ಟನ್, ಕಾರ್ಬುರೇಟರ್ ಇಲ್ಲವೆ ಥ್ರಾಟಲ್ ಕಡೆ ಕೇಳಿದರೆ ಒಳವಾಲ್ವ್, ಸೈಲೆನ್ಸರಿನಲ್ಲಿ ಕೇಳಿದರೆ ಹೊರವಾಲ್ವ್. ರೇಡಿಯೇಟರಿನ ನೀರಿನಲ್ಲಿ ಗುಳ್ಳೆಗಳೆದ್ದರೆ ಗ್ಯಾಸ್ಕೆಟ್ ಹೋಗಿದೆ, ಇಲ್ಲವೆ ಹೆಡ್ ಅಥವಾ ಬ್ಲಾಕ್ ಬಿರುಕು ಬಿಟ್ಟಿದೆ. ಇದನ್ನೇ ರಾಸಾಯನಿಕವಾಗಿ ಖಚಿತಪಡಿಸಿಕೊಳ್ಳುವ ವಿಧಾನವೂ ಉಂಟು: ಓಡುವ ಎಂಜಿನ್ನಿನ ರೇಡಿಯೇಟರ್ ಬಾಯಿಯ ಮೇಲಿನ ಗಾಳಿಯನ್ನು ನೀಲಿ ದ್ರವದ ಮೂಲಕ ಹಾಯಿಸಿದಾಗ, ದಹನದ ಇಂಗಾಲದ ಡೈಆಕ್ಸೈಡ್ ಇದ್ದರೆ ದ್ರವ ಹಳದಿಗೆ ತಿರುಗುತ್ತದೆ. ಮುಚ್ಚಳವನ್ನು ಎಂಜಿನ್ ತಣ್ಣಗಿರುವಾಗ ಮಾತ್ರ ತೆರೆಯಬೇಕು. ಬಿಸಿ ಎಂಜಿನ್ನಿನಲ್ಲಿ ಒತ್ತಡ ತಪ್ಪಿದ ಕ್ಷಣವೇ ನೀರು ಆವಿಯಾಗಿ ಚಿಮ್ಮಿ ಮುಖ ಮತ್ತು ಕೈಗಳನ್ನು ಸುಡುತ್ತದೆ.

ಎಣ್ಣೆಯ ಮುಚ್ಚಳದ ಒಳಗೆ ಮಜ್ಜಿಗೆಯಂಥ ಬಿಳಿ ನೊರೆ ಕಂಡೊಡನೆ ಗ್ಯಾಸ್ಕೆಟ್ ಹೋಯಿತೆಂದು ನಿರ್ಧರಿಸುವ ರೂಢಿ ಇದೆ. ಇದು ಅವಸರದ ತೀರ್ಮಾನ. ಮಳೆಗಾಲದಲ್ಲಿ ಸಮೀಪದ ಓಡಾಟಕ್ಕಷ್ಟೇ ಬಳಕೆಯಾಗುವ, ಪೂರ್ತಿ ಬಿಸಿಯಾಗದ ಕಾರಿನಲ್ಲಿ ಗಾಳಿಯ ತೇವವೇ ಸಾಂದ್ರಗೊಂಡು ಇಂಥ ನೊರೆಯನ್ನು ಉಂಟುಮಾಡುತ್ತದೆ. ಎಣ್ಣೆಯ ಅಳತೆಕಡ್ಡಿಯಲ್ಲೂ ನೊರೆಯಿದ್ದು, ನೀರಿನ ಮಟ್ಟವೂ ಇಳಿಯುತ್ತಿದ್ದರೆ ಮಾತ್ರ ಶಂಕೆ ಬಲಗೊಳ್ಳುತ್ತದೆ.

ಹೊಗೆಯ ಬಣ್ಣ ಮತ್ತೊಂದು ಸುಳಿವು. ಎಂಜಿನ್ ಬಿಸಿಯಾದ ಮೇಲೂ ನಿಲ್ಲದ, ಸಿಹಿವಾಸನೆಯ ಬಿಳಿ ಹೊಗೆ ಕೂಲೆಂಟ್ ಸುಡುತ್ತಿರುವುದನ್ನು ತಿಳಿಸುತ್ತದೆ. ನೀಲಿ ಹೊಗೆ ಎಣ್ಣೆಯದು. ವೇಗ ಹೆಚ್ಚಿಸುವಾಗ ಬಂದರೆ ರಿಂಗ್, ಬೆಳಗಿನ ಮೊದಲ ಸ್ಟಾರ್ಟಿನಲ್ಲಿ ಅಥವಾ ಇಳಿಜಾರಿನಲ್ಲಿ ಕಾಲೆತ್ತಿ ಮತ್ತೆ ಒತ್ತಿದಾಗ ಬಂದರೆ ವಾಲ್ವ್ ಗೈಡ್ ಮತ್ತು ವಾಲ್ವ್ ಸೀಲು. ಪ್ಲಗ್ ರಂಧ್ರದಲ್ಲಿ ತೂರಿಸುವ ಸಣ್ಣ ಬೋರೋಸ್ಕೋಪ್ ಕ್ಯಾಮೆರಾಗಳು ಅಗ್ಗವಾದಂದಿನಿಂದ ಸಿಲಿಂಡರ್ ಗೋಡೆಯ ಗೀರುಗಳನ್ನು ಏನನ್ನೂ ಬಿಚ್ಚದೆಯೇ ನೋಡುವುದು ಸಾಧ್ಯವಾಗಿದೆ.

ಕಳಚುವ ಕ್ರಮ

ಎಂಜಿನ್ ಪೂರ್ತಿ ತಣ್ಣಗಾಗಿರಬೇಕು. ಬಿಸಿ ಅಲ್ಯೂಮಿನಿಯಂ ಹೆಡ್ಡಿನ ಬೋಲ್ಟುಗಳನ್ನು ಸಡಿಲಿಸಿದರೆ ಹೆಡ್ ಬಾಗುತ್ತದೆ. ಬ್ಯಾಟರಿಯ ಋಣ ತಂತಿಯನ್ನು ತೆಗೆದು, ಇಂಜೆಕ್ಷನ್ ಇರುವ ಕಾರಿನಲ್ಲಿ ಇಂಧನದ ಒತ್ತಡವನ್ನು ಇಳಿಸಿ, ಕೂಲೆಂಟನ್ನು ಹೊರಬಿಟ್ಟ ನಂತರ ಏರ್ ಫಿಲ್ಟರ್, ಕೊಳವೆಗಳು, ತಂತಿಗಳು ಮತ್ತು ಮ್ಯಾನಿಫೋಲ್ಡುಗಳನ್ನು ಬೇರ್ಪಡಿಸಲಾಗುತ್ತದೆ. ಪ್ರತಿ ತಂತಿಗೂ ಕೊಳವೆಗೂ ಗುರುತಿನ ಚೀಟಿ ಅಂಟಿಸುವುದು ಮತ್ತು ಹಂತಹಂತಕ್ಕೆ ಫೋಟೋ ತೆಗೆಯುವುದು ಮರುಜೋಡಣೆಯನ್ನು ಸುಲಭಗೊಳಿಸುತ್ತದೆ.

ಮಾರುತಿ 800ರಂಥ ಎಂಜಿನ್ನಿನಲ್ಲಿ ಮೊದಲನೆಯ ಸಿಲಿಂಡರಿನ ಪಿಸ್ಟನ್ನನ್ನು ಮೇಲ್ತುದಿಗೆ ತಂದು, ಕ್ರ್ಯಾಂಕ್ ಮತ್ತು ಕ್ಯಾಮ್ ಗಾಲಿಗಳ ಗುರುತುಗಳು ಹೊಂದಿರುವುದನ್ನು ನೋಡಿ, ನಂತರ ಟೈಮಿಂಗ್ ಬೆಲ್ಟನ್ನು ತೆಗೆಯಲಾಗುತ್ತದೆ. ಬೆಲ್ಟ್ ಇಲ್ಲದ ಸ್ಥಿತಿಯಲ್ಲಿ ಎರಡರಲ್ಲಿ ಒಂದನ್ನು ಮಾತ್ರ ತಿರುಗಿಸುವುದು ಹಲವು ಮಾದರಿಗಳಲ್ಲಿ ವಾಲ್ವ್ ಪಿಸ್ಟನ್ನಿಗೆ ತಾಗಿ ಬಾಗಲು ಎಡೆಮಾಡುತ್ತದೆ. ಅಂಬಾಸಿಡರಿನ ಬಿ-ಸರಣಿಯಲ್ಲಿ ಬೆಲ್ಟಿನ ಗೊಡವೆಯಿಲ್ಲ. ಅಲ್ಲಿ ಬೇರೊಂದು ಸೂಕ್ಷ್ಮವಿದೆ. ರಾಕರ್ ಶಾಫ್ಟನ್ನು ಹಿಡಿದಿರುವ ನಟ್ಟುಗಳಲ್ಲಿ ನಾಲ್ಕು ಹೆಡ್ಡನ್ನೂ ಹಿಡಿದಿರುತ್ತವೆ. ರಾಕರ್ ತೆಗೆಯಲೆಂದು ಅವನ್ನಷ್ಟೇ ಬಿಚ್ಚಿದರೆ ಹೆಡ್ಡಿನ ಒಂದು ಪಕ್ಕ ಮಾತ್ರ ಸಡಿಲಾಗಿ ಹೆಡ್ ಬಾಗುವ ಅಪಾಯವಿದೆ. ಆದುದರಿಂದ ನೀರು ಖಾಲಿ ಮಾಡಿ ಎಲ್ಲ ನಟ್ಟುಗಳನ್ನೂ ಒಟ್ಟಿಗೆ ಸಡಿಲಿಸಬೇಕು. ಪುಶ್‌ರಾಡುಗಳನ್ನು ತೆಗೆದ ಕ್ರಮದಲ್ಲೇ ರಂಧ್ರ ಕೊರೆದ ರಟ್ಟಿನಲ್ಲಿ ಸಿಕ್ಕಿಸಿಡುತ್ತಾರೆ, ಏಕೆಂದರೆ ಪ್ರತಿಯೊಂದೂ ತನ್ನ ಜೋಡಿಯೊಂದಿಗೆ ಸವೆದು ಹೊಂದಿಕೊಂಡಿರುತ್ತದೆ.

ಹೆಡ್ ಬೋಲ್ಟುಗಳನ್ನು ಹೊರತುದಿಗಳಿಂದ ನಡುವಿನತ್ತ, ಒಂದೇ ಸಲಕ್ಕೆ ಬಿಡಿಸದೆ ಎರಡು ಮೂರು ಸುತ್ತುಗಳಲ್ಲಿ ಸಡಿಲಿಸಲಾಗುತ್ತದೆ. ಅಂಟಿಕೊಂಡ ಹೆಡ್ಡನ್ನು ಎಬ್ಬಿಸಲು ಸಂದಿನಲ್ಲಿ ಸ್ಕ್ರೂಡ್ರೈವರ್ ಅಥವಾ ಉಳಿ ತೂರಿಸಿ ಮೀಟುವುದು ಅಲ್ಯೂಮಿನಿಯಂ ಮುಖದ ಮೇಲೆ ಅಳಿಸಲಾಗದ ಗಾಯ ಮಾಡುತ್ತದೆ. ಗಟ್ಟಿ ಉಬ್ಬುಗಳಿರುವೆಡೆ ಮರದ ಅಥವಾ ರಬ್ಬರ್ ಸುತ್ತಿಗೆಯಿಂದ ತಟ್ಟುವುದು ಸರಿಯಾದ ದಾರಿ. ಮೇಲೆತ್ತಿದ ಹೆಡ್ಡನ್ನು ಮುಖ ಕೆಳಗಾಗಿ ನೆಲಕ್ಕಿಡದೆ ಎರಡು ಮರದ ತುಂಡುಗಳ ಮೇಲೆ ಇಡಬೇಕು. ತೆರೆದ ಸ್ಥಿತಿಯಲ್ಲಿರುವ ವಾಲ್ವುಗಳು ಕೆಳಕ್ಕೆ ಚಾಚಿರುತ್ತವೆ.

ಬ್ರಿಟನ್ನಿನ ರೋವರ್ ಕೆ-ಸರಣಿಯ ಎಂಜಿನ್ ಹೆಡ್ ಗ್ಯಾಸ್ಕೆಟ್ ಸೋಲಿಗೆ ಹೆಸರಾದದ್ದು. ಅದರ ಉದ್ದನೆಯ ಬೋಲ್ಟುಗಳು ಹೆಡ್ಡಿನಿಂದ ಹೊರಟು ಬ್ಲಾಕನ್ನು ಪೂರ್ತಿ ದಾಟಿ ತಳದಲ್ಲಿ ಕಚ್ಚುತ್ತವೆ, ಮತ್ತು ಸಿಲಿಂಡರುಗಳು ಬ್ಲಾಕಿನಲ್ಲಿ ಸಡಿಲವಾಗಿ ಕೂರುವ ಲೈನರುಗಳು. ಹೆಡ್ ತೆಗೆದ ಮೇಲೆ ಅಲ್ಲಿ ಕ್ರ್ಯಾಂಕನ್ನು ತಿರುಗಿಸಿದರೆ ಪಿಸ್ಟನ್ ಲೈನರನ್ನೇ ಮೇಲೆಳೆದು ತಳದ ಸೀಲನ್ನು ಕೆಡಿಸಬಹುದು. ಆದ್ದರಿಂದ ಮೊದಲು ಲೈನರುಗಳನ್ನು ಬಿಗಿದು ನಿಲ್ಲಿಸಬೇಕು. ಹೀಗೆ ಸಡಿಲವಾಗಿ ಕೂರುವ ಲೈನರ್ ಇರುವ ಯಾವುದೇ ಎಂಜಿನ್ನಿಗೂ ಈ ಮಾತು ಅನ್ವಯಿಸುತ್ತದೆ.

ತೆರೆದ ಎಂಜಿನ್ನಿನ ಪರಿಶೀಲನೆ

ಒರೆಸುವ ಮೊದಲು ನೋಡುವುದು ಇಲ್ಲಿಯ ಮುಖ್ಯ ನಿಯಮ. ಇಂಗಾಲದ ಪದರ, ಅದರ ಬಣ್ಣ, ತೇವ ಇವೆಲ್ಲ ಸಾಕ್ಷ್ಯಗಳು. ಪಿಸ್ಟನ್ ತಲೆಗಳು ಒಂದೇ ಬಗೆಯ ಒಣ, ಕಂದು ಅಥವಾ ಬೂದು ಲೇಪ ಹೊಂದಿದ್ದರೆ ದಹನ ಸಮವಾಗಿತ್ತು. ಒಂದು ಪಿಸ್ಟನ್ ಮಾತ್ರ ತೊಳೆದಿಟ್ಟಂತೆ ಲೋಹದ ಹೊಳಪು ತೋರಿದರೆ ಆ ಸಿಲಿಂಡರಿಗೆ ನೀರು ನುಗ್ಗುತ್ತಿತ್ತು. ಉರಿಯ ಬಿಸಿಗೆ ಆವಿಯಾದ ನೀರು ಇಂಗಾಲವನ್ನು ಕಿತ್ತುಹಾಕುತ್ತದೆ. ತೇವವಾದ, ಜಿಡ್ಡಿನ ಕಪ್ಪು ಎಣ್ಣೆಯದು. ಒಣ ಮಸಿ ಮಿಶ್ರಣದಲ್ಲಿ ಇಂಧನ ಹೆಚ್ಚಾದುದರ ಗುರುತು. ಪಿಸ್ಟನ್ನಿನ ಅಂಚಿನಲ್ಲಿ ಮರಳು ಎರಚಿದಂಥ ಸಣ್ಣ ಗುಳಿಗಳಿದ್ದರೆ ಎಂಜಿನ್ ಬಹುಕಾಲ ಬಡಿತದ ದಹನಕ್ಕೆ ಒಳಗಾಗಿದೆ.

ತೆಗೆದ ಗ್ಯಾಸ್ಕೆಟ್ಟನ್ನು ಎಸೆಯದೆ ಎರಡೂ ಬದಿ ಪರೀಕ್ಷಿಸಲಾಗುತ್ತದೆ. ಸಿಲಿಂಡರ್ ಸುತ್ತಲಿನ ಉಂಗುರವನ್ನು ದಾಟಿ ನೀರಿನ ರಂಧ್ರದತ್ತ ಹೋದ ಕಪ್ಪು ಗೆರೆ ಅನಿಲ ಸೋರಿದ ದಾರಿ. ಗೆರೆ ಎಲ್ಲಿದೆಯೋ ಅಲ್ಲೇ ಹೆಡ್ ಮತ್ತು ಬ್ಲಾಕ್ ಮುಖಗಳಲ್ಲೂ ತಗ್ಗು ಅಥವಾ ಕೊರೆತವನ್ನು ಹುಡುಕಬೇಕು. ಗ್ಯಾಸ್ಕೆಟ್ ಎಲ್ಲೂ ಸುಟ್ಟಿಲ್ಲವೆಂದಾದರೆ ಬಿರುಕಿನ ಶಂಕೆ ಮೂಡುತ್ತದೆ.

ಹೆಡ್ ಮುಖದ ಸಮತಲತೆಯನ್ನು ನೇರಪಟ್ಟಿ ಮತ್ತು ಫೀಲರ್ ಗೇಜಿನಿಂದ ಉದ್ದಕ್ಕೂ ಅಡ್ಡಕ್ಕೂ ಎರಡು ಕರ್ಣಗಳಲ್ಲೂ ನೋಡಲಾಗುತ್ತದೆ. ಸಣ್ಣ ಕಾರುಗಳ ಹಲವು ಕೈಪಿಡಿಗಳು 0.05 ಮಿ.ಮೀ. ಮಿತಿಯನ್ನು ಕೊಡುತ್ತವೆ, ತಲೆಗೂದಲಿನ ದಪ್ಪಕ್ಕಿಂತ ಇದು ಹೆಚ್ಚೇನಲ್ಲ. ಮಿತಿ ಮೀರಿದ ಹೆಡ್ಡನ್ನು ಮಷಿನ್ ಶಾಪಿನಲ್ಲಿ ಫೇಸಿಂಗ್ ಮಾಡಿಸಬಹುದು, ಆದರೆ ಅದಕ್ಕೂ ಕೊನೆಯಿದೆ: ಲೋಹ ತೆಗೆದಷ್ಟೂ ದಹನಕೋಣೆ ಕಿರಿದಾಗಿ ಕಂಪ್ರೆಷನ್ ಏರುತ್ತದೆ. ಕ್ಯಾಮ್‌ಶಾಫ್ಟ್ ಹೊತ್ತ ಹೆಡ್ ಬಾಗಿದ್ದರೆ ಕ್ಯಾಮ್ ಬೇರಿಂಗುಗಳ ಸಾಲೂ ಬಾಗಿರುತ್ತದೆ. ಕೆಳಮುಖವನ್ನು ಮಾತ್ರ ನೇರಗೊಳಿಸಿದರೆ ಮೇಲೆ ಕ್ಯಾಮ್ ಬಿಗಿಯಾಗಿ ಕಚ್ಚಿಕೊಳ್ಳುತ್ತದೆ. ಬಿರುಕುಗಳು ಹೆಚ್ಚಾಗಿ ಎರಡು ವಾಲ್ವ್ ಸೀಟುಗಳ ನಡುವಿನ ಇಕ್ಕಟ್ಟಿನಲ್ಲಿ ಹುಟ್ಟುತ್ತವೆ. ಕಬ್ಬಿಣದ ಹೆಡ್ಡಿಗೆ ಕಾಂತೀಯ ಪುಡಿ, ಅಲ್ಯೂಮಿನಿಯಂಗೆ ಬಣ್ಣದ ದ್ರವ, ಎರಡಕ್ಕೂ ಬಿಸಿನೀರಿನ ತೊಟ್ಟಿಯಲ್ಲಿ ಮುಳುಗಿಸಿ ಗಾಳಿಯೊತ್ತಡ ಕೊಡುವ ಪರೀಕ್ಷೆ ಬಳಕೆಯಲ್ಲಿವೆ.

ವಾಲ್ವುಗಳ ಸ್ಥಿತಿ ತಿಳಿಯಲು ಹಳೆಯ ಸರಳ ಉಪಾಯವೊಂದಿದೆ. ಹೆಡ್ಡನ್ನು ಅಂಗಾತ ಮಲಗಿಸಿ, ವಾಲ್ವುಗಳು ಮುಚ್ಚಿರುವಾಗ ದಹನಕೋಣೆಗೆ ಸೀಮೆಎಣ್ಣೆ ತುಂಬಿ, ಮಾರ್ಗಗಳಲ್ಲಿ ಜಿನುಗುತ್ತದೆಯೇ ಎಂದು ನೋಡುವುದು. ಸುಟ್ಟ ಹೊರವಾಲ್ವಿನ ಅಂಚು ಒಂದೆಡೆ ಕಚ್ಚಿ ತೆಗೆದಂತೆ ಕಾಣುತ್ತದೆ. ಭಾರತದಲ್ಲಿ 2000ದ ಫೆಬ್ರವರಿ 1ರಿಂದ ಸೀಸರಹಿತ ಪೆಟ್ರೋಲ್ ಮಾತ್ರ ಮಾರಾಟವಾಗತೊಡಗಿದ ಮೇಲೆ, ಗಡುಸಾದ ಸೀಟ್ ಇಲ್ಲದ ಹಳೆಯ ಕಬ್ಬಿಣದ ಹೆಡ್ಡುಗಳಲ್ಲಿ ಹೊರವಾಲ್ವ್ ಸೀಟುಗಳು ಬೇಗ ಸವೆದು ವಾಲ್ವ್ ಹೆಡ್ಡಿನೊಳಗೆ ಹೂತುಹೋಗುವ ದೋಷ ಸೇರಿಕೊಂಡಿತು. ವಾಲ್ವ್ ಕ್ಲಿಯರೆನ್ಸ್ ಪದೇ ಪದೇ ಕಡಿಮೆಯಾಗುವುದು ಅದರ ಲಕ್ಷಣ. ಗಡುಸು ಉಕ್ಕಿನ ಸೀಟುಗಳನ್ನು ಕೂರಿಸುವುದು ಪರಿಹಾರ.

ಸಿಲಿಂಡರ್ ಗೋಡೆಯ ಮೇಲ್ತುದಿಯಲ್ಲಿ, ರಿಂಗ್ ಮುಟ್ಟದ ಭಾಗದ ಕೆಳಗೆ, ಉಗುರಿಗೆ ತಡೆಯುವ ಮೆಟ್ಟಿಲು ಇದ್ದರೆ ಸವೆತ ಗಣನೀಯ. ಸವೆತ ಮೇಲೆ ಹೆಚ್ಚು, ಕೆಳಗೆ ಕಡಿಮೆ. ಪಿಸ್ಟನ್ ಪಕ್ಕಕ್ಕೊತ್ತುವ ದಿಕ್ಕಿನಲ್ಲಿ ಹೆಚ್ಚು, ಗುಡ್ಜನ್ ಪಿನ್ನಿನ ದಿಕ್ಕಿನಲ್ಲಿ ಕಡಿಮೆ. ಆದುದರಿಂದ ಬೋರ್ ಗೇಜಿನಿಂದ ಮೂರು ಆಳಗಳಲ್ಲಿ, ಪ್ರತಿ ಆಳದಲ್ಲಿ ಎರಡು ದಿಕ್ಕಿಗೆ ಅಳೆಯಲಾಗುತ್ತದೆ. ಮಾರುತಿ 800ರ ಮೂಲ ವ್ಯಾಸ 68.5 ಮಿ.ಮೀ.; ಅಳತೆ ಕೈಪಿಡಿಯ ಮಿತಿಯನ್ನು ಮೀರಿದ್ದರೆ ಬೋರ್ ಕೊರೆಸಿ ದೊಡ್ಡ ಅಳತೆಯ ಪಿಸ್ಟನ್ ಹಾಕಬೇಕು. ಹೋನಿಂಗಿನ ಅಡ್ಡಗೆರೆಗಳು ಇನ್ನೂ ಸ್ಪಷ್ಟವಾಗಿದ್ದು, ಉದ್ದುದ್ದ ಗೀರುಗಳಿಲ್ಲದಿದ್ದರೆ ಬ್ಲಾಕನ್ನು ಮುಟ್ಟದಿರುವುದೇ ಒಳ್ಳೆಯದು. ಹೆಡ್ ಬಿಚ್ಚಿದ್ದೇವೆ ಎಂಬ ಕಾರಣಕ್ಕೆ ‘ಜೊತೆಗೆ ಬೋರೂ ಮಾಡಿಸಿಬಿಡೋಣ’ ಎಂಬ ಸಲಹೆ ಗ್ಯಾರೇಜುಗಳಲ್ಲಿ ಸಾಮಾನ್ಯ. ಗೇಜಿನ ಅಂಕಿ ಕೇಳದೆ ಅದಕ್ಕೆ ಒಪ್ಪಲು ಕಾರಣವಿಲ್ಲ. ಇದಕ್ಕೆ ವಿರುದ್ಧವಾದ ತಪ್ಪೂ ಉಂಟು: ಸವೆದ ರಿಂಗುಗಳ ಮೇಲೆ ಹೊಸದಾಗಿ ಸರಿಪಡಿಸಿದ ಹೆಡ್ ಕೂರಿಸಿದಾಗ ಏರಿದ ಒತ್ತಡ ರಿಂಗುಗಳನ್ನು ದಾಟತೊಡಗಿ, ಮೊದಲಿಗಿಂತ ಹೆಚ್ಚು ಎಣ್ಣೆ ಸುಡುವ ಎಂಜಿನ್ನುಗಳಿವೆ.

ಕ್ರ್ಯಾಂಕ್ ಬೇರಿಂಗುಗಳು ಹೆಡ್ ತೆಗೆದರೂ ಕಾಣುವುದಿಲ್ಲ. ಎಣ್ಣೆಯ ಒತ್ತಡ ಕಡಿಮೆಯಿದ್ದು ಕೆಳಗಿನಿಂದ ಭಾರವಾದ ಬಡಿತ ಕೇಳುತ್ತಿದ್ದರೆ, ಹೆಡ್ಡಿನ ಬದಲು ಎಣ್ಣೆಯ ತಟ್ಟೆಯನ್ನು ಬಿಚ್ಚಬೇಕು.

ನೀರು ನುಗ್ಗಿದ ಎಂಜಿನ್

ನೆರೆನೀರಿನಲ್ಲಿ ಓಡಿದ ಕಾರುಗಳ ದೋಷ ಬೇರೆ ಬಗೆಯದು. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆಯ ಸುತ್ತಲ ಬಡಾವಣೆಗಳು ಮುಳುಗಿದಾಗ ಈ ವಿಷಯ ವ್ಯಾಪಕವಾಗಿ ಚರ್ಚೆಗೆ ಬಂತು. ನೀರು ಗಾಳಿಯಂತೆ ಕುಗ್ಗುವುದಿಲ್ಲ. ಏರ್ ಫಿಲ್ಟರಿನ ಮೂಲಕ ಸಿಲಿಂಡರಿಗೆ ಹೊಕ್ಕ ನೀರಿನ ಮೇಲೆ ಪಿಸ್ಟನ್ ಏರಿದಾಗ ಅತ್ಯಂತ ದುರ್ಬಲ ಭಾಗವಾದ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಮುಳುಗಿದ ಕಾರನ್ನು ಸ್ಟಾರ್ಟ್ ಮಾಡಲು ಯತ್ನಿಸಬಾರದೆಂಬ ಎಚ್ಚರಿಕೆಯ ಹಿಂದಿರುವುದು ಇದೇ. ಪ್ಲಗ್ ತೆಗೆದು ಕೈಯಿಂದ ತಿರುಗಿಸಿ ನೀರನ್ನು ಹೊರಹಾಕಿದ ಮೇಲೆ ಎಂಜಿನ್ ಓಡಿದರೂ ಅನುಮಾನ ಉಳಿಯುತ್ತದೆ. ಕೊಂಚ ಬಾಗಿದ ರಾಡ್ ಕೆಲವು ಕಾಲ ಓಡಿ ನಂತರ ಮುರಿದು ಬ್ಲಾಕನ್ನೇ ತೂತು ಮಾಡಬಲ್ಲದು. ಹೆಡ್ ತೆಗೆದು ಪ್ರತಿ ಪಿಸ್ಟನ್ನನ್ನು ಮೇಲ್ತುದಿಗೆ ತಂದು, ಬ್ಲಾಕ್ ಮುಖದಿಂದ ಅದರ ಎತ್ತರವನ್ನು ಡಯಲ್ ಗೇಜಿನಿಂದ ಅಳೆದರೆ ವಿಷಯ ಬಯಲಾಗುತ್ತದೆ. ಉಳಿದವುಗಳಿಗಿಂತ ಕೆಳಗೆ ನಿಂತ ಪಿಸ್ಟನ್ನಿನ ರಾಡ್ ಬಾಗಿದೆ.

ಮರುಜೋಡಣೆ

ಮುಖಗಳನ್ನು ಪ್ಲಾಸ್ಟಿಕ್ ಅಥವಾ ಮರದ ಹೆರೆಕದಿಂದ ಸ್ವಚ್ಛಗೊಳಿಸಲಾಗುತ್ತದೆ. ಡ್ರಿಲ್ಲಿಗೆ ಸಿಕ್ಕಿಸುವ ಉಜ್ಜುಚಕ್ರಗಳ ಪುಡಿ ಎಣ್ಣೆಗೆ ಸೇರಿ ಬೇರಿಂಗುಗಳನ್ನು ತಿನ್ನುತ್ತದೆಂದು ಕೆಲವು ತಯಾರಕರು ಎಚ್ಚರಿಸಿದ್ದಾರೆ. ಹಳೆಯ ಕಾರುಗಳ ತಾಮ್ರದ ಹೊದಿಕೆಯ ಗ್ಯಾಸ್ಕೆಟ್ಟುಗಳಲ್ಲಿ ಕಲ್ನಾರು ಇರುವುದರಿಂದ ಅವನ್ನು ಒಣದಾಗಿ ಉಜ್ಜದೆ ತೇವಗೊಳಿಸಿ ತೆಗೆಯಬೇಕು. ಬ್ಲಾಕಿನ ಬೋಲ್ಟ್ ರಂಧ್ರಗಳಲ್ಲಿ ನಿಂತ ಎಣ್ಣೆ ಅಥವಾ ನೀರನ್ನು ಹೀರಿ ತೆಗೆಯದಿದ್ದರೆ, ಬೋಲ್ಟ್ ಇಳಿಯುವಾಗ ಸಿಕ್ಕಿಕೊಂಡ ದ್ರವದ ಒತ್ತಡಕ್ಕೆ ಬ್ಲಾಕೇ ಸೀಳುತ್ತದೆ. ಡೀಸೆಲ್ ಎಂಜಿನ್ನುಗಳಲ್ಲಿ ಪಿಸ್ಟನ್ ಬ್ಲಾಕ್ ಮುಖದಿಂದ ಎಷ್ಟು ಹೊರಚಾಚಿದೆ ಎಂಬುದನ್ನು ಅಳೆದು ಅದಕ್ಕೆ ತಕ್ಕ ದಪ್ಪದ ಗ್ಯಾಸ್ಕೆಟ್ ಆರಿಸಬೇಕಾಗುತ್ತದೆ; ಅಂಚಿನಲ್ಲಿರುವ ಕಚ್ಚು ಅಥವಾ ರಂಧ್ರಗಳ ಸಂಖ್ಯೆ ದಪ್ಪವನ್ನು ಸೂಚಿಸುತ್ತದೆ.

ಬಿಗಿಯುವ ಕ್ರಮ ಸಡಿಲಿಸುವುದಕ್ಕೆ ತಿರುಗುಮುರುಗು: ನಡುವಿನಿಂದ ಹೊರಕ್ಕೆ, ಟಾರ್ಕ್ ರೆಂಚಿನಿಂದ, ಹಲವು ಹಂತಗಳಲ್ಲಿ. ಈಚಿನ ಅನೇಕ ಎಂಜಿನ್ನುಗಳಲ್ಲಿ ಕೊನೆಯ ಹಂತ ಬಲದ ಬದಲು ಕೋನದ ಲೆಕ್ಕದಲ್ಲಿರುತ್ತದೆ. ಅಂಥ ಬೋಲ್ಟುಗಳು ತಮ್ಮ ಸ್ಥಿತಿಸ್ಥಾಪಕತೆಯ ಮಿತಿಯವರೆಗೆ ಹಿಗ್ಗಿ ಕೆಲಸ ಮಾಡುವುದರಿಂದ ಒಮ್ಮೆ ತೆಗೆದವನ್ನು ಮತ್ತೆ ಹಾಕುವಂತಿಲ್ಲ. ಟೈಮಿಂಗ್ ಗುರುತುಗಳನ್ನು ಹೊಂದಿಸಿದ ಮೇಲೆ ಕ್ರ್ಯಾಂಕನ್ನು ಪಾನಾದಿಂದ ಎರಡು ಪೂರ್ತಿ ಸುತ್ತು ಕೈಯಲ್ಲೇ ತಿರುಗಿಸಿ, ಎಲ್ಲೂ ತಡೆಯಿಲ್ಲವೆಂದು ಕಂಡ ಬಳಿಕವಷ್ಟೇ ಸ್ಟಾರ್ಟರ್ ಬಳಸಲಾಗುತ್ತದೆ. ಎಣ್ಣೆ ಮತ್ತು ಫಿಲ್ಟರನ್ನು ಬದಲಿಸಿ, ಕೂಲೆಂಟ್ ತುಂಬಿ, ಒಳಗೆ ಸಿಕ್ಕ ಗಾಳಿಯನ್ನು ಹೊರಬಿಟ್ಟು, ಫ್ಯಾನ್ ತಾನಾಗಿ ತಿರುಗುವವರೆಗೆ ಎಂಜಿನ್ನನ್ನು ಓಡಿಸಿ ನೋಡಲಾಗುತ್ತದೆ. ಹಳೆಯ ಬಗೆಯ ಗ್ಯಾಸ್ಕೆಟ್ ಇರುವ ಎಂಜಿನ್ನುಗಳಲ್ಲಿ ಕೆಲವು ನೂರು ಕಿಲೋಮೀಟರ್ ಓಡಿದ ನಂತರ ನಟ್ಟುಗಳನ್ನು ಮತ್ತೊಮ್ಮೆ ಬಿಗಿದು, ವಾಲ್ವ್ ಕ್ಲಿಯರೆನ್ಸನ್ನು ಹೊಸದಾಗಿ ಹೊಂದಿಸಬೇಕಾಗುತ್ತದೆ.